‘ಸೆಲ್ ಮುಗಿದಿದೆ’: ಕಾರು ಕೈಪಿಡಿಯ ಒಂದು ಪುಟದ ವಿಮರ್ಶೆ

ಕಾರಿನ ಜೊತೆಗೆ ಬರುವ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಕಡಿಮೆ. ಆದರೆ ಅದರ ಒಂದು ಪುಟವನ್ನು ಮಾತ್ರ ಕಾರು ಇರುವವರು ಒಂದಲ್ಲ ಒಂದು ದಿನ ಹುಡುಕುತ್ತಾರೆ. ರಿಮೋಟ್ ಕೀಯ ಗುಂಡಿ ಒತ್ತಿದರೂ ಬಾಗಿಲು ತೆರೆಯದಿದ್ದಾಗ ಬೇಕಾಗುವ ಪುಟ ಅದು. ಕೀಯೊಳಗಿನ ಸೆಲ್ಲನ್ನು ಬದಲಾಯಿಸುವುದು ಹೇಗೆ ಎಂದು ಅದರಲ್ಲಿ ಬರೆದಿರುತ್ತದೆ.

ಇಂಥ ಪುಟವನ್ನೂ ಪುಸ್ತಕದಂತೆ ವಿಮರ್ಶಿಸಬೇಕೆ ಎಂದು ನೀವು ಕೇಳಬಹುದು. ಬೇಕು. ಶಾಲೆ ಬಿಟ್ಟ ಮೇಲೆ ಬಹುಪಾಲು ಜನ ಓದುವ ತಾಂತ್ರಿಕ ಬರಹವೆಂದರೆ ಇಂಥ ಪುಟಗಳೇ. ಭೌತವಿಜ್ಞಾನದ ಪಾಠ ಮರೆತವರ ಕೈಗೂ ಇವು ಬರುತ್ತವೆ. ಆದ್ದರಿಂದ ಇವು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದು ಮುಖ್ಯ. ಯಾವುದೋ ಒಂದು ಕಂಪನಿಯ ಕೈಪಿಡಿಯನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಈ ಪುಟದ ಸ್ವರೂಪ ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ. ಅದರ ಕೊರತೆಗಳೂ ಹೆಚ್ಚುಕಡಿಮೆ ಒಂದೇ.

ಪುಟದಲ್ಲಿ ಏನಿದೆ?

ಸಾಮಾನ್ಯವಾಗಿ ಮೂರು ನಾಲ್ಕು ಚಿತ್ರಗಳಿರುತ್ತವೆ. ಕೀಯ ಅಂಚಿನ ಸಣ್ಣ ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಬೇಕು, ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಹಳೆಯ ಸೆಲ್ಲನ್ನು ತೆಗೆಯಬೇಕು; ಅದೇ ಬಗೆಯ ಹೊಸದನ್ನು ‘+’ ಗುರುತು ಚಿತ್ರದಲ್ಲಿರುವ ಕಡೆಗೆ ಬರುವಂತೆ ಇಡಬೇಕು; ಮುಚ್ಚಳವನ್ನು ಒತ್ತಿ ಕೂರಿಸಬೇಕು. ಕೆಳಗೆ ಒಂದೆರಡು ಎಚ್ಚರಿಕೆಯ ಸಾಲುಗಳು: ಸೆಲ್ಲನ್ನು ಬರಿಗೈಯಿಂದ ಮುಟ್ಟಬೇಡಿ, ಬೇರೆ ಬಗೆಯದನ್ನು ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಕೆಲಸವನ್ನು ಹಂತಹಂತವಾಗಿ ವಿಂಗಡಿಸಿರುವುದು, ಚಿತ್ರ ಕೊಟ್ಟಿರುವುದು, ಅನಗತ್ಯ ಮಾತಿಲ್ಲದಿರುವುದು ಈ ಪುಟದ ಗುಣಗಳು. ಎಲ್ಲವೂ ನಿರೀಕ್ಷೆಯಂತೆ ನಡೆದರೆ ಇಷ್ಟು ಸಾಕು. ಆದರೆ ಏನಾದರೂ ಸ್ವಲ್ಪ ಹೆಚ್ಚುಕಡಿಮೆಯಾದರೆ ಓದುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಏಕೆಂದರೆ ಪುಟದಲ್ಲಿ ‘ಹೇಗೆ’ ಇದೆ, ‘ಏಕೆ’ ಇಲ್ಲ. ಒಂದು ಎಚ್ಚರಿಕೆಯ ಮಟ್ಟಿಗಂತೂ ಆ ‘ಏಕೆ’ ಇಲ್ಲದಿರುವುದು ಮಗುವಿನ ಜೀವಕ್ಕೇ ಎರವಾಗಬಲ್ಲದು. ಅಲ್ಲಿಗೆ ಹೋಗುವ ಮೊದಲು ಉಳಿದ ಸಾಲುಗಳನ್ನು ನೋಡೋಣ.

ಸಂಖ್ಯೆಯ ಒಳಗಿರುವ ಅರ್ಥ

‘ಸಿಆರ್ 2032 ಸೆಲ್ ಬಳಸಿ’ ಎನ್ನುತ್ತದೆ ಪುಟ. ಅಂಗಡಿಯಲ್ಲಿ ಅದಿಲ್ಲ, ಸಿಆರ್ 2025 ಇದೆ ಎನ್ನುತ್ತಾರೆ. ಏನು ಮಾಡುತ್ತೀರಿ?

ಈ ಸಂಖ್ಯೆಯಲ್ಲಿ ಗುಟ್ಟೇನೂ ಇಲ್ಲ. ‘ಸಿ’ ಎಂದರೆ ಲಿಥಿಯಮ್ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಜೋಡಿಯ ಕೋಶ. ‘ಆರ್’ ಎಂದರೆ ದುಂಡಗಿನದು. 20 ಎಂಬುದು ಮಿಲಿಮೀಟರುಗಳಲ್ಲಿ ವ್ಯಾಸ. 32 ಎಂದರೆ ದಪ್ಪ 3.2 ಮಿಲಿಮೀಟರ್. ಹಾಗಾದರೆ ಸಿಆರ್ 2025ರ ವ್ಯಾಸವೂ ಅಷ್ಟೇ, ವೋಲ್ಟೇಜೂ ಅದೇ 3. ದಪ್ಪ ಮಾತ್ರ 0.7 ಮಿಲಿಮೀಟರ್ ಕಡಿಮೆ. ಅದನ್ನು ಹಾಕಿದರೆ ಮಂಡಲ ಸುಟ್ಟುಹೋಗುವುದಿಲ್ಲ. ಆದರೆ ಲೋಹದ ನಾಲಿಗೆ ಸರಿಯಾಗಿ ತಾಗದೆ ಸಂಪರ್ಕ ಆಗಾಗ ತಪ್ಪಬಹುದು, ಬೇಗ ಬರಿದಾಗಲೂಬಹುದು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಎಲ್‌ಐಆರ್ 2032 ಎಂಬ ಮರುಪೂರಣ ಮಾಡಬಹುದಾದ ಸೆಲ್ ಅಳತೆಯಲ್ಲಿ ಸಿಆರ್ 2032ರಂತೆಯೇ ಇದೆ, ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 4.2. 3 ವೋಲ್ಟ್‌ಗೆಂದು ರಚಿಸಿದ ಮಂಡಲಕ್ಕೆ ಇದು ಹಾನಿ ಮಾಡಬಹುದು. ನೋಡಿ, ‘ಬೇರೆ ಬಗೆಯದನ್ನು ಬಳಸಬೇಡಿ’ ಎಂಬ ಒಂದೇ ಸಾಲು ಈ ಎರಡು ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮೊದಲನೆಯದು ಅನಾನುಕೂಲ, ಎರಡನೆಯದು ಹಾನಿ. ಸಂಖ್ಯೆಯ ಅರ್ಥವನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಓದುಗನೇ ಈ ವ್ಯತ್ಯಾಸವನ್ನು ತಿಳಿಯುತ್ತಿದ್ದ.

ಮುಗಿದದ್ದು ಏನು?

ಪುಟದ ಅತ್ಯಂತ ದುರ್ಬಲ ಭಾಗವೆಂದರೆ ಅದರ ಮೊದಲ ವಾಕ್ಯ: ‘ಸೆಲ್ ಮುಗಿದಾಗ ಬದಲಾಯಿಸಿ.’ ಮುಗಿಯುವುದು ಎಂದರೇನು? ಡಬ್ಬದಲ್ಲಿನ ಎಣ್ಣೆ ಮುಗಿದಂತೆ ವಿದ್ಯುತ್ತೂ ತಳ ಕಂಡಿತು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಇದು ನಿಜವಲ್ಲ.

ರಿಮೋಟ್‌ನಿಂದ ತೆಗೆದ ‘ಮುಗಿದ’ ಸೆಲ್ಲನ್ನು ಮಲ್ಟಿಮೀಟರ್‌ಗೆ ಜೋಡಿಸಿ ನೋಡಿ. ಅನೇಕ ವೇಳೆ ಅದು 2.8 ಅಥವಾ 2.9 ವೋಲ್ಟ್ ತೋರಿಸುತ್ತದೆ. ಸೆಲ್ ಚೆನ್ನಾಗಿಯೇ ಇದೆ, ರಿಮೋಟೇ ಕೆಟ್ಟಿದೆ ಎಂದು ನೀವು ತೀರ್ಮಾನಿಸಬಹುದು. ದ್ವಿತೀಯ ಪಿಯುಸಿಯಲ್ಲಿ ಓದುವ ಆಂತರಿಕ ರೋಧ ಇಲ್ಲಿ ನೆರವಿಗೆ ಬರುತ್ತದೆ.

ಲಿಥಿಯಮ್ ಸೆಲ್ಲಿನ ಲಕ್ಷಣವೆಂದರೆ ಆಯುಷ್ಯದ ಬಹುಭಾಗದಲ್ಲಿ ಅದರ ವೋಲ್ಟೇಜ್ ಹೆಚ್ಚು ಇಳಿಯುವುದಿಲ್ಲ. ಏರುವುದು ಆಂತರಿಕ ರೋಧ. ಒಂದು ಲೆಕ್ಕ ಮಾಡೋಣ. ಗುಂಡಿ ಒತ್ತಿದಾಗ ರಿಮೋಟ್ 10 ಮಿಲಿಆಂಪೇರ್ ಪ್ರವಾಹ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಹೊಸ ಸೆಲ್ಲಿನ ವೋಲ್ಟೇಜ್ 3.2, ಆಂತರಿಕ ರೋಧ 15 ಓಮ್ ಆಗಿರಲಿ. ಒಳಗೇ ನಷ್ಟವಾಗುವುದು 0.15 ವೋಲ್ಟ್; ಮಂಡಲಕ್ಕೆ 3.05 ವೋಲ್ಟ್ ಸಿಗುತ್ತದೆ. ಹಳೆಯ ಸೆಲ್ಲಿನಲ್ಲಿ ವೋಲ್ಟೇಜ್ 2.9, ರೋಧ 100 ಓಮ್ ಆಗಿದೆ ಎನ್ನಿ. ಈಗ ಒಳಗೇ 1 ವೋಲ್ಟ್ ಹೋಗುತ್ತದೆ. ಉಳಿದ 1.9 ವೋಲ್ಟ್‌ನಲ್ಲಿ ಪ್ರೇಷಕ ಸರಿಯಾಗಿ ಕೆಲಸ ಮಾಡದಿರಬಹುದು. ಮಲ್ಟಿಮೀಟರಾದರೋ ಎಳೆಯುವ ಪ್ರವಾಹ ನಗಣ್ಯ. ಹೀಗಾಗಿ ಅದಕ್ಕೆ ಈ ನಷ್ಟ ಕಾಣುವುದೇ ಇಲ್ಲ.

ಪರೀಕ್ಷಿಸುವ ಸರಿಯಾದ ಕ್ರಮ ಸುಲಭ. ಸೆಲ್ಲಿನ ಎರಡು ಮುಖಗಳ ನಡುವೆ 220 ಓಮ್ ರೋಧಕವನ್ನು ಒಂದೆರಡು ಸೆಕೆಂಡು ಜೋಡಿಸಿ, ಆಗಲೇ ವೋಲ್ಟೇಜ್ ಅಳೆಯಿರಿ. ಮೇಲಿನ ಹೊಸ ಸೆಲ್ 3 ವೋಲ್ಟ್ ತೋರಿಸುತ್ತದೆ, ಹಳೆಯದು 2ಕ್ಕೆ ಇಳಿಯುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಮಾಡಿ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಬೇಕೆ?

ಇದು ತಿಳಿದರೆ ಸೆಲ್ ಕೊಡುವ ಮುನ್ಸೂಚನೆಗಳೂ ಅರ್ಥವಾಗುತ್ತವೆ. ದೂರದಿಂದ ಕೆಲಸ ಮಾಡುತ್ತಿದ್ದ ರಿಮೋಟ್ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತದೆ. ಚಳಿಯ ಬೆಳಗ್ಗೆ ಕೈಕೊಟ್ಟು ಮಧ್ಯಾಹ್ನ ಸರಿಯಾಗುತ್ತದೆ. ಉಷ್ಣತೆ ಇಳಿದಾಗ ಆಂತರಿಕ ರೋಧ ಹೆಚ್ಚುವುದೇ ಇದಕ್ಕೆ ಕಾರಣ. ಮತ್ತೂ ಒಂದು ಮಾತು. ಸೆಲ್ಲನ್ನು ಬರಿದು ಮಾಡುವುದು ನಾವು ಒತ್ತುವ ಗುಂಡಿಯಷ್ಟೇ ಅಲ್ಲ, ರಿಮೋಟಿನ ಕಾಯುವಿಕೆಯೂ ಹೌದು. ಕಾಯುವಾಗ ಅದು 5 ಮೈಕ್ರೊಆಂಪೇರ್ ಎಳೆದರೆ, ವರ್ಷದ 8,760 ಗಂಟೆಗಳಲ್ಲಿ ಸುಮಾರು 44 ಮಿಲಿಆಂಪೇರ್-ಗಂಟೆ ಆಗುತ್ತದೆ. ಸಿಆರ್ 2032ರ ಧಾರಣೆ ಸುಮಾರು 220 ಮಿಲಿಆಂಪೇರ್-ಗಂಟೆ. ಅಂದರೆ ಗುಂಡಿಯನ್ನು ಒಮ್ಮೆಯೂ ಒತ್ತದಿದ್ದರೂ ಐದು ವರ್ಷಕ್ಕೆ ಸೆಲ್ ಬರಿದು!

ಮುಟ್ಟಬೇಡಿ, ತಡಮಾಡಬೇಡಿ

‘ಬರಿಗೈಯಿಂದ ಮುಟ್ಟಬೇಡಿ’ ಎಂಬ ಸಾಲನ್ನು ಓದಿ ಕೆಲವರು ಸೆಲ್ ವಿಷವೆಂದು ಹೆದರುತ್ತಾರೆ. ಉಳಿದವರು ಅದನ್ನು ಲೆಕ್ಕಿಸುವುದೇ ಇಲ್ಲ. ಕಾರಣ ಇಷ್ಟೇ: ಬೆರಳಿನ ಬೆವರು ಮತ್ತು ಜಿಡ್ಡು ಮೇಲ್ಮೈಯಲ್ಲಿ ಉಳಿದರೆ ಸಂಪರ್ಕ ಕೆಡುತ್ತದೆ. ಅಂಚನ್ನು ಹಿಡಿದು, ಒಣಬಟ್ಟೆಯಿಂದ ಒರೆಸಿ ಕೂರಿಸಿದರೆ ಸಾಕು. ಇತ್ತೀಚೆಗೆ ಕೆಲವು ತಯಾರಕರು ಮಕ್ಕಳು ಬಾಯಿಗೆ ಹಾಕಿದರೆ ಉಗುಳಲೆಂದು ಸೆಲ್ಲಿಗೆ ಕಹಿ ಲೇಪ ಹಚ್ಚುತ್ತಿದ್ದಾರೆ. ಕೆಲವು ಸಾಧನಗಳಲ್ಲಿ ಈ ಲೇಪವೇ ಸಂಪರ್ಕಕ್ಕೆ ಅಡ್ಡಿಯಾಗಿ ಹೊಸ ಸೆಲ್ಲೂ ‘ಮುಗಿದಂತೆ’ ತೋರುವುದುಂಟು.

ಇನ್ನೊಂದು ನಂಬಿಕೆ, ಸೆಲ್ಲನ್ನು ಕೂಡಲೇ ಬದಲಾಯಿಸದಿದ್ದರೆ ಕೀ ತನ್ನ ಸಂಕೇತವನ್ನು ಮರೆತುಬಿಡುತ್ತದೆ ಎಂಬುದು. ಸಾಮಾನ್ಯವಾಗಿ ಹಾಗಾಗದು, ಸಂಕೇತವಿರುವುದು ವಿದ್ಯುತ್ ಇಲ್ಲದಿದ್ದರೂ ಅಳಿಯದ ಸ್ಮೃತಿಯಲ್ಲಿ. ಈ ರಿಮೋಟ್‌ಗಳು ಪ್ರತಿ ಸಲವೂ ಹೊಸ ಸಂಕೇತ ಕಳಿಸುತ್ತವೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ‘ಕೀಲಾಕ್’ ಇಂಥ ಒಂದು ಪ್ರಸಿದ್ಧ ವಿಧಾನ. ಅದರ ಸಾಮಾನ್ಯ ಜೋಡಣೆಯಲ್ಲಿ ಕಾರು ಮುಂದಿನ 16 ಸಂಕೇತಗಳಲ್ಲಿ ಯಾವುದು ಬಂದರೂ ಒಪ್ಪುತ್ತದೆ. ಕಾರಿನಿಂದ ದೂರವಿದ್ದಾಗ ಮಗು ರಿಮೋಟ್ ಒತ್ತಿ ಆಡಿದರೆ ಎಣಿಕೆ ಮುಂದೆ ಓಡುತ್ತದೆ. ಆಗ ಒಂದೇ ಒತ್ತಿಗೆ ಬಾಗಿಲು ತೆರೆಯದೆ, ಎರಡನೆಯ ಸಲ ಒತ್ತಬೇಕಾಗಬಹುದು. ಸೆಲ್ ಬದಲಾಯಿಸಿದರೂ ಕೆಲಸವಾಗಲಿಲ್ಲ ಎಂದು ಸರ್ವಿಸ್ ಕೇಂದ್ರಕ್ಕೆ ಓಡುವ ಮುನ್ನ ತಿಳಿದಿರಬೇಕಾದ ಸಂಗತಿ ಇದು.

ಒಂದು ಕೀ, ಎರಡು ದಾರಿ

ಸೆಲ್ ಬದಲಾಯಿಸುವ ಕ್ರಮ ಒಂದು ಪುಟದಲ್ಲಿ, ಸೆಲ್ ಇಲ್ಲದಾಗ ಕಾರು ಚಾಲೂ ಮಾಡುವ ಕ್ರಮ ಎಷ್ಟೋ ಪುಟಗಳಾಚೆ ಇನ್ನೊಂದು ಅಧ್ಯಾಯದಲ್ಲಿ ಇರುವುದು ಅನೇಕ ಕೈಪಿಡಿಗಳ ದೋಷ. ಕೀಲಿ ತೂರಿಸದೆ ಗುಂಡಿ ಒತ್ತಿ ಚಾಲೂ ಮಾಡುವ ಕಾರಿನಲ್ಲಿ, ಮೊದಲು ಕೀಯೊಳಗೆ ಅಡಗಿಸಿಟ್ಟ ಲೋಹದ ಕೀಲಿಯಿಂದ ಬಾಗಿಲು ತೆರೆಯಬೇಕು. ಬಳಿಕ ಕೀಯನ್ನು ಚಾಲೂ ಗುಂಡಿಗೆ ತಾಗಿಸಿ ಹಿಡಿಯಿರಿ ಅಥವಾ ನಿಗದಿತ ಜಾಗದಲ್ಲಿ ಇಡಿ ಎನ್ನುತ್ತದೆ ಕೈಪಿಡಿ. ಸೆಲ್ಲೇ ಇಲ್ಲದ ಕೀಯನ್ನು ಕಾರು ಗುರುತಿಸುವುದು ಹೇಗೆ? ವಿವರಣೆ ಇಲ್ಲದ್ದರಿಂದ ಇದು ಮಂತ್ರದಂತೆ ಕಾಣುತ್ತದೆ.

ಕೀಯಲ್ಲಿ ಎರಡು ದಾರಿಗಳಿವೆ. ಒಂದು, ದೂರದಿಂದ ಬಾಗಿಲು ತೆರೆಯುವ ರೇಡಿಯೊ. ಯುರೋಪಿನಲ್ಲೂ ನಮ್ಮಲ್ಲೂ ಇದರ ಆವೃತ್ತಿ ಸಾಮಾನ್ಯವಾಗಿ ಸುಮಾರು 433 ಮೆಗಾಹರ್ಟ್ಸ್, ಅಂದರೆ ಅಲೆಯುದ್ದ ಸುಮಾರು 69 ಸೆಂಟಿಮೀಟರ್. ಇದಕ್ಕೆ ಸೆಲ್ ಬೇಕೇ ಬೇಕು. ಇನ್ನೊಂದು, ಕಳ್ಳತನ ತಡೆಯಲೆಂದು ಕೀಯೊಳಗೆ ಹುದುಗಿಸಿದ ಪುಟ್ಟ ಚಿಪ್ ಮತ್ತು ತಂತಿಯ ಸುರುಳಿ. ಕಾರಿನಲ್ಲಿರುವ ಸುರುಳಿ ಸುಮಾರು 125 ಕಿಲೊಹರ್ಟ್ಸ್‌ನಲ್ಲಿ ಕಾಂತಕ್ಷೇತ್ರವನ್ನು ಬದಲಿಸುತ್ತಿರುತ್ತದೆ. ಆ ಕ್ಷೇತ್ರ ಕೀಯೊಳಗಿನ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಆ ವಿದ್ಯುತ್ತಿನಿಂದಲೇ ಚಿಪ್ ಎಚ್ಚೆತ್ತು ತನ್ನ ಗುರುತು ಹೇಳುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಪ್ರೇರಣೆಯೇ ಇದು. ಕ್ಷೇತ್ರ ದೂರ ಹೋದಂತೆ ಬಹುಬೇಗ ಕ್ಷೀಣಿಸುತ್ತದೆ. ಆದ್ದರಿಂದಲೇ ‘ತಾಗಿಸಿ ಹಿಡಿಯಿರಿ’ ಎಂಬ ಸೂಚನೆ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಿದ್ದರೆ ಆತಂಕಕ್ಕೆ ಕಾರಣವೇ ಇರುತ್ತಿರಲಿಲ್ಲ.

ಕೊನೆಯ ಸಾಲು

ಈಗ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬ ಸಾಲಿಗೆ ಬರೋಣ. ಔಷಧಿ, ಸೀಮೆಎಣ್ಣೆ, ಪ್ಲಾಸ್ಟಿಕ್ ಚೀಲ ಎಲ್ಲದರ ಮೇಲೂ ಇರುವ ಮಾತು ಇದು. ಓದಿ ಓದಿ ಸವೆದುಹೋಗಿದೆ. ಮಗು ನಾಣ್ಯ ನುಂಗಿದಾಗ ಎಷ್ಟೋ ಸಲ ಅದು ಮಲದೊಂದಿಗೆ ಹೊರಬರುವುದನ್ನು ಕಂಡವರು ಸೆಲ್ಲನ್ನೂ ಹಾಗೆಯೇ ತಿಳಿಯುತ್ತಾರೆ. ಅದೂ ‘ಮುಗಿದ’ ಸೆಲ್ಲಾದರೆ? ಅದರಲ್ಲಿ ಏನೂ ಉಳಿದಿಲ್ಲವಲ್ಲ, ಹೆದರುವುದೇನು ಎಂದುಕೊಳ್ಳುತ್ತಾರೆ. ಪುಟದ ಮೊದಲ ವಾಕ್ಯದ ತಪ್ಪು ಕೊನೆಯ ವಾಕ್ಯದಲ್ಲಿ ಹೀಗೆ ಅಪಾಯವಾಗಿ ಪರಿಣಮಿಸುತ್ತದೆ.

ಸೆಲ್ ಒಡೆದು ಒಳಗಿನ ರಾಸಾಯನಿಕ ಸೋರುವುದರಿಂದ ಗಾಯವಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಮುಖ್ಯ ಕಾರಣ ಅದಲ್ಲ. 20 ಮಿಲಿಮೀಟರ್ ವ್ಯಾಸದ ಸೆಲ್ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಒದ್ದೆಯಾದ ಒಳಪೊರೆ ಸೆಲ್ಲಿನ ಎರಡು ಧ್ರುವಗಳನ್ನೂ ತಾಗುತ್ತದೆ, ಮಂಡಲ ಪೂರ್ಣವಾಗುತ್ತದೆ. ಆಗ ನಡೆಯುವುದು ವಿದ್ಯುದ್ವಿಭಜನೆ. ಋಣ ಧ್ರುವದ ಬಳಿ ನೀರು ಒಡೆದು ಹೈಡ್ರೊಜನ್ ಅನಿಲವೂ ಹೈಡ್ರಾಕ್ಸೈಡ್ ಅಯಾನುಗಳೂ ಉಂಟಾಗುತ್ತವೆ. ಅಂದರೆ ಅಲ್ಲಿ ಕಟುವಾದ ಕ್ಷಾರ ತಯಾರಾಗುತ್ತದೆ.

ಎಷ್ಟು ಕಟು? ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಕೇವಲ 1 ಮಿಲಿಆಂಪೇರ್ ಪ್ರವಾಹ 2 ಗಂಟೆ ಹರಿದರೆ 7.2 ಕೂಲಂ. ಒಂದು ಮೋಲ್‌ಗೆ 96,500 ಕೂಲಂ ಎಂದರೆ ಸುಮಾರು 0.000075 ಮೋಲ್ ಹೈಡ್ರಾಕ್ಸೈಡ್. ಅದಷ್ಟೂ 1 ಮಿಲಿಲೀಟರ್ ದ್ರವದಲ್ಲೇ ಉಳಿದರೆ ಪಿಎಚ್ ಸುಮಾರು 12.9. ಚರಂಡಿ ಶುಚಿಗೊಳಿಸಲು ಬಳಸುವ ಕ್ಷಾರದ ಕಡೆಗೆ ಸಾಗುವ ಮಟ್ಟ ಇದು. ಸೆಲ್ ಸಿಕ್ಕಿಕೊಂಡ ಎರಡು ಗಂಟೆಗಳೊಳಗೇ ಅನ್ನನಾಳಕ್ಕೆ ತೀವ್ರ ಗಾಯವಾಗಬಲ್ಲದು ಎಂದು ವೈದ್ಯರು ಎಚ್ಚರಿಸುವುದು ಈ ಕಾರಣಕ್ಕೇ.

ಈಗ ಮಲ್ಟಿಮೀಟರಿನ ಅಳತೆಯನ್ನು ನೆನಪಿಸಿಕೊಳ್ಳಿ. ರಿಮೋಟ್‌ಗೆ ಬೇಡವಾದ ಸೆಲ್ಲಿನಲ್ಲಿ ಇನ್ನೂ 2.9 ವೋಲ್ಟ್ ಇದೆ. ಅದರ ಆಂತರಿಕ ರೋಧ 100 ಓಮ್‌ಗೆ ಏರಿರುವುದರಿಂದ ರೇಡಿಯೊ ನಡೆಸಲಾರದು, ನಿಜ. ಆದರೆ ನೀರನ್ನು ಒಡೆಯಲು, ಒಂದೆರಡು ಮಿಲಿಆಂಪೇರ್ ಹರಿಸಲು ಅದಕ್ಕೆ ಯಾವ ತೊಂದರೆಯೂ ಇಲ್ಲ. ಕಾರಿಗೆ ಮುಗಿದ ಸೆಲ್ ಮಗುವಿನ ಪಾಲಿಗೆ ಮುಗಿದಿಲ್ಲ.

ಅಮೆರಿಕದಲ್ಲಿ 2020ರಲ್ಲಿ ಇಂಥ ಸೆಲ್ ನುಂಗಿ ತೀರಿಕೊಂಡ ಮಗುವೊಂದರ ಹೆಸರಿನಲ್ಲಿ 2022ರಲ್ಲಿ ‘ರೀಸ್ ಕಾನೂನು’ ಬಂತು. ಬಳಕೆಯ ವಸ್ತುಗಳಲ್ಲಿ ಈ ಸೆಲ್ಲುಗಳಿರುವ ಕೋಣೆಯನ್ನು ಚಿಕ್ಕ ಮಕ್ಕಳು ಸುಲಭವಾಗಿ ತೆರೆಯಲಾಗದಂತೆ ರಚಿಸಬೇಕು, ಸ್ಪಷ್ಟ ಎಚ್ಚರಿಕೆ ಇರಬೇಕು ಎಂಬುದು ಅದರ ತಿರುಳು. ಇದು ಆ ದೇಶದ ಕಾನೂನು. ಅದರ ಹಿಂದಿನ ರಸಾಯನ ವಿಜ್ಞಾನವಾದರೋ ಎಲ್ಲ ದೇಶಕ್ಕೂ ಒಂದೇ. ಮಗು ಸೆಲ್ ನುಂಗಿದೆ ಎಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ, ‘ನಾಳೆ ನೋಡೋಣ’ ಎನ್ನದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮೊದಮೊದಲು ಕೆಮ್ಮು, ಜೊಲ್ಲು, ಊಟ ಬೇಡವೆನ್ನುವುದು ಇಷ್ಟೇ ಕಾಣಬಹುದು, ಏನೂ ಕಾಣದಿರಲೂಬಹುದು. ಎಕ್ಸ್-ರೇ ಚಿತ್ರದಲ್ಲಿ ಸೆಲ್ಲಿನ ಅಂಚು ಜೋಡಿ ಉಂಗುರದಂತೆ ತೋರುವುದರಿಂದ ವೈದ್ಯರು ಅದನ್ನು ನಾಣ್ಯದಿಂದ ಬೇರ್ಪಡಿಸಿ ಗುರುತಿಸುತ್ತಾರೆ.

ಅರಿಸಿನ ಹೇಳುವ ಸತ್ಯ

ಇದನ್ನು ತರಗತಿಯಲ್ಲಿ ತೋರಿಸಬಹುದು. ಅಧ್ಯಾಪಕರೇ ಮಾಡಿ ತೋರಿಸುವುದು ಲೇಸು. ಸೋಸುಕಾಗದ ಅಥವಾ ಹೀರುಕಾಗದವನ್ನು ನಾಲ್ಕು ಮಡಿಕೆ ಮಾಡಿ, ಸ್ವಲ್ಪ ಉಪ್ಪು ಮತ್ತು ಅರಿಸಿನ ಬೆರೆಸಿದ ನೀರಿನಲ್ಲಿ ತೋಯಿಸಿ ತಟ್ಟೆಯಲ್ಲಿಡಿ. ರಿಮೋಟ್‌ನಿಂದ ತೆಗೆದ ‘ಮುಗಿದ’ ಸೆಲ್ಲನ್ನು, ‘+’ ಗುರುತಿಲ್ಲದ ಮುಖ ಕೆಳಗಾಗುವಂತೆ ಅದರ ಮೇಲಿಟ್ಟು ಮೆಲ್ಲಗೆ ಒತ್ತಿ. ಕೆಲವು ನಿಮಿಷ ಬಿಟ್ಟು ಎತ್ತಿ ನೋಡಿ. ಹಳದಿ ಕಾಗದದಲ್ಲಿ ಕೆಂಪು ಕಲೆ ಮೂಡಿರುತ್ತದೆ. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಪ್ರತಿ ಮನೆಯಲ್ಲೂ ಗೊತ್ತು. ಇಲ್ಲಿ ಯಾರೂ ಸುಣ್ಣ ಹಾಕಿಲ್ಲ. ಕ್ಷಾರವನ್ನು ಸೆಲ್ಲೇ ತಯಾರಿಸಿದೆ. ಪ್ರಯೋಗ ಮುಗಿದ ಮೇಲೆ ಕಾಗದವನ್ನು ಬರಿಗೈಯಿಂದ ಹಿಂಡದೆ ಎಸೆಯಿರಿ. ಸೆಲ್ಲನ್ನು ಎಣಿಸಿ ಹಿಂದಕ್ಕೆ ಪಡೆಯಿರಿ.

ಹಾಗೆ ಪಡೆದ ಸೆಲ್ಲನ್ನು ಏನು ಮಾಡಬೇಕು? ಈ ವಿಷಯದಲ್ಲೂ ಅನೇಕ ಪುಟಗಳು ‘ನಿಯಮಾನುಸಾರ ವಿಲೇವಾರಿ ಮಾಡಿ’ ಎಂದು ಕೈತೊಳೆದುಕೊಳ್ಳುತ್ತವೆ. ನಮ್ಮ ದೇಶದ 2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗೆ ಮಾತ್ರ ಸಂಬಂಧಿಸಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಸಣ್ಣ ಸೆಲ್ಲುಗಳನ್ನೂ ಒಳಗೊಂಡಿವೆ. ಹಳೆಯವನ್ನು ಹಿಂಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಸಂಗ್ರಹ ಕೇಂದ್ರ ತಲಪುವವರೆಗೆ ನಮ್ಮ ಕೆಲಸ ಸರಳ: ತೆಗೆದ ಕೂಡಲೇ ಎರಡು ಮುಖಗಳಿಗೂ ಅಂಟುಪಟ್ಟಿ ಹಚ್ಚುವುದು. ಇದರಿಂದ ಡಬ್ಬದಲ್ಲಿ ಒಂದಕ್ಕೊಂದು ತಾಗಿ ಹ್ರಸ್ವಮಂಡಲವಾಗುವುದು ತಪ್ಪುತ್ತದೆ.

ಪುಟ ಹೇಗಿರಬೇಕಿತ್ತು?

ಕೈಪಿಡಿ ಪಠ್ಯಪುಸ್ತಕವಾಗಬೇಕು ಎಂದು ಯಾರೂ ಕೇಳುವುದಿಲ್ಲ. ಈಗಿರುವ ಚಿತ್ರಗಳ ಕೆಳಗೆ ಆರು ವಾಕ್ಯ ಸೇರಿಸಿದ್ದರೆ ಸಾಕಿತ್ತು:

‘ಸೆಲ್ಲಿನ ಸಂಖ್ಯೆ ಅದರ ವ್ಯಾಸ ಮತ್ತು ದಪ್ಪವನ್ನು ಹೇಳುತ್ತದೆ. ಸೆಲ್ ದುರ್ಬಲವಾಗಿದ್ದರೂ ಕೀಯನ್ನು ಚಾಲೂ ಗುಂಡಿಗೆ ತಾಗಿಸಿದರೆ ಕಾರು ಗುರುತಿಸುತ್ತದೆ, ಅದಕ್ಕೆ ಸೆಲ್ ಬೇಡ. ತೆಗೆದ ಸೆಲ್ಲಿನಲ್ಲಿ ಇನ್ನೂ ವಿದ್ಯುತ್ ಇದೆ. ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಕ್ಷಾರ ಉಂಟಾಗಿ ಎರಡು ಗಂಟೆಗಳೊಳಗೆ ಸುಡಬಲ್ಲದು. ತಕ್ಷಣ ಆಸ್ಪತ್ರೆಗೆ ಹೋಗಿ. ಹೊಸದನ್ನು ಹಾಕುವ ಮೊದಲೇ ಹಳೆಯದಕ್ಕೆ ಅಂಟುಪಟ್ಟಿ ಹಚ್ಚಿ ಎತ್ತಿಡಿ.’

ಅಧ್ಯಾಪಕ ಮಿತ್ರರೇ, ನಿಮ್ಮ ವಿದ್ಯಾರ್ಥಿಗಳಿಗೂ ಇದೇ ಕೆಲಸ ಕೊಡಿ. ಮನೆಯಲ್ಲಿರುವ ಯಾವುದಾದರೂ ಸಾಧನದ ಸೂಚನಾಪತ್ರ ತರಲಿ. ಪ್ರತಿ ‘ಮಾಡಿ’, ‘ಮಾಡಬೇಡಿ’ಯ ಮುಂದೆ ‘ಏಕೆ’ ಎಂದು ಬರೆದು, ತಾವು ಕಲಿತ ಪಾಠದಿಂದ ಉತ್ತರ ಹುಡುಕಲಿ. ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದ ಕಾರಣಗಳನ್ನು ಮನೆಯವರೆಲ್ಲ ಓದಬಲ್ಲರು. ಕಾರಣ ತಿಳಿದ ಮನೆಯಲ್ಲಿ ತೆಗೆದ ಸೆಲ್ ಮೇಜಿನ ಮೇಲೆ ಉಳಿಯುವುದಿಲ್ಲ.